ವಾಷರ್, ಪೊರೆ ಮತ್ತು ಸೊಪ್ಪಿನಬೆಟ್ಟದ ಮಣ್ಣು: ಒಂದು ವಿಸರಣ ಡಬ್ಬಿಯ ನಿರ್ಮಾಣ ದಿನಚರಿ

ಒಂದು ಗ್ರಾಂ ಫಲವತ್ತಾದ ಮಣ್ಣಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಬ್ಯಾಕ್ಟೀರಿಯಾಗಳ ಸಂಖ್ಯೆ ಕೋಟಿಗಳ ಲೆಕ್ಕದಲ್ಲಿ ಸಿಗುತ್ತದೆ. ಅದೇ ಮಣ್ಣನ್ನು ನೀರಿನಲ್ಲಿ ಕದಡಿ, ಜೀವಿಗಳನ್ನು ಬೆಳೆಸಲು ಬಳಸುವ ಜೆಲ್ಲಿಯಾದ ಅಗರ್ ತುಂಬಿದ ತಟ್ಟೆಯ ಮೇಲೆ ಹರಡಿದರೆ ನೂರರಲ್ಲಿ ಸುಮಾರು ಒಂದು ಮಾತ್ರ ಕಣ್ಣಿಗೆ ಕಾಣುವ ಕಾಲೊನಿಯಾಗಿ ಬೆಳೆಯುತ್ತದೆ. ಉಳಿದವು ಸತ್ತಿರುವುದಿಲ್ಲ. ಅವುಗಳಿಗೆ ಬೇಕಾದ ಯಾವುದೋ ಅಂಶ ಮಣ್ಣಿನಲ್ಲಿದೆ, ನಮ್ಮ ತಟ್ಟೆಯಲ್ಲಿಲ್ಲ. ಈ ತೊಡಕಿಗೆ ಅಮೆರಿಕದ ಬೋಸ್ಟನ್‌ನಲ್ಲಿರುವ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಮತ್ತು ಸ್ಲಾವಾ ಎಪ್ಸ್ಟೀನ್ ಅವರ ತಂಡ 2002ರಲ್ಲಿ ಸರಳವಾದ ಉಪಾಯವೊಂದನ್ನು ಮುಂದಿಟ್ಟಿತು: ಜೀವಿಗಳನ್ನು ಅಗರಿನಲ್ಲಿ ಬೆರೆಸಿ ಎರಡು ಸೂಕ್ಷ್ಮರಂಧ್ರ ಪೊರೆಗಳ ನಡುವೆ ಬಂಧಿಸಿ, ಅವು ಎಲ್ಲಿಂದ ಬಂದವೋ ಅಲ್ಲಿಗೇ ಮರಳಿ ಇಡುವುದು. ಲವಣ, ಸಕ್ಕರೆ, ನೆರೆಯ ಜೀವಿಗಳು ಸ್ರವಿಸುವ ಅಣುಗಳೆಲ್ಲ ಪೊರೆಯನ್ನು ದಾಟಿ ಒಳಬರುತ್ತವೆ, ಜೀವಿಗಳು ಮಾತ್ರ ದಾಟಲಾರವು. ಇದೇ ಉಪಾಯವನ್ನು 384 ಪುಟ್ಟ ಗುಳಿಗಳ ಹಲಗೆಯಾಗಿ ಬೆಳೆಸಿದ ಐಚಿಪ್ ಎಂಬ ಸಾಧನದಿಂದ ಟೀಕ್ಸೊಬ್ಯಾಕ್ಟಿನ್ ಎಂಬ ಪ್ರತಿಜೀವಕ ದೊರೆತ ಸುದ್ದಿ 2015ರಲ್ಲಿ ಪ್ರಕಟವಾಯಿತು.

ಸಾಗರ ತಾಲ್ಲೂಕಿನ ನಮ್ಮ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಐಚಿಪ್ ತಯಾರಿಸುವ ಯಂತ್ರವಿಲ್ಲ. ಆದರೆ 2002ರ ಆ ಮೊದಲ ವಿಸರಣ ಡಬ್ಬಿ ಒಂದು ಲೋಹದ ವಾಷರ್ ಮತ್ತು ಎರಡು ಪೊರೆಗಳಿಂದ ಆದದ್ದು, ಮತ್ತು ವಾಷರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಪ್ರತಿಜೀವಕ ತಯಾರಿಸುವ ಮಣ್ಣಿನ ಜೀವಿಗಳನ್ನು ಹುಡುಕಲೆಂದು ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳೊಂದಿಗೆ ಆ ಡಬ್ಬಿಯನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಯಾವ ಹಂತದಲ್ಲಿ ಎಡವಿದೆವು ಎಂಬುದನ್ನು ಹೆಚ್ಚು ವಿವರವಾಗಿ ಬರೆದಿದ್ದೇನೆ, ಏಕೆಂದರೆ ಈ ಕೆಲಸಕ್ಕೆ ಕೈಹಾಕುವ ಇನ್ನೊಂದು ಕಾಲೇಜಿಗೆ ಉಪಯೋಗವಾಗುವುದು ಅದೇ.

ಮಣ್ಣು

ಅಡಿಕೆ ತೋಟವೊಂದಕ್ಕೆ ಸೇರಿದ ಸೊಪ್ಪಿನಬೆಟ್ಟದ ಅಂಚನ್ನು ಆರಿಸಿಕೊಂಡೆವು. ತೋಟಕ್ಕೆ ಸೊಪ್ಪು ಮತ್ತು ದರಗು ತರುವ ಜಾಗವಾದ್ದರಿಂದ ಅಲ್ಲಿ ಎಲೆ ಕೊಳೆಯುವ ಕ್ರಿಯೆ ವರ್ಷವಿಡೀ ನಡೆದಿರುತ್ತದೆ, ಮತ್ತು ಸ್ಟ್ರೆಪ್ಟೊಮೈಸಿಸ್ ಹಾಗೂ ಅದರ ಬಳಗದ ಆ್ಯಕ್ಟಿನೋಮೈಸೀಟ್‌ಗಳು (ಎಳೆಗಳಾಗಿ ಬೆಳೆಯುವ, ಹಲವು ಪ್ರತಿಜೀವಕಗಳನ್ನು ಕೊಟ್ಟ ಬ್ಯಾಕ್ಟೀರಿಯಾಗಳು) ಸೆಲ್ಯುಲೋಸ್, ಕೈಟಿನ್‌ಗಳಂಥ ಗಟ್ಟಿ ಪದಾರ್ಥಗಳನ್ನು ಕರಗಿಸಿ ಬದುಕುವ ಜೀವಿಗಳು. ತೋಟದ ಯಜಮಾನರು ಒಪ್ಪಿದ್ದಲ್ಲದೆ ತಾವೇ ಗುದ್ದಲಿ ಹಿಡಿದು ಬಂದು, "ಮಣ್ಣು ಬೇಕಾದಷ್ಟು ತಗೊಳ್ಳಿ ಮೇಷ್ಟ್ರೇ, ಬೇರಿಗೆ ಮಾತ್ರ ಪೆಟ್ಟಾಗೋದು ಬೇಡ" ಎಂದು ಜಾಗ ತೋರಿಸಿದರು. ಮೇಲಿನ ದರಗನ್ನು ಸರಿಸಿ, ಹತ್ತು ಸೆಂಟಿಮೀಟರ್ ಆಳದಿಂದ ಮಣ್ಣು ತೆಗೆದೆವು. ಜಂಬಿಟ್ಟಿಗೆಯ ನೆಲವಾದ್ದರಿಂದ ಹುಳಿ ಇರುವುದೆಂದು ನಿರೀಕ್ಷಿಸಿದ್ದೆವು. ಅಳೆದಾಗ ಪಿಎಚ್ 5.4 ಬಂತು.

ಈ ಸಂಖ್ಯೆ ಮುಂದೆ ಎರಡು ಕಡೆ ಲೆಕ್ಕಕ್ಕೆ ಬಂತು. ಅಗರನ್ನೂ ಅದೇ ಹುಳಿಗೆ ಹೊಂದಿಸಬೇಕೆಂದು ಮೊದಲು ಮಾಡಿದ ಪ್ರಯತ್ನ ವಿಫಲವಾಯಿತು. ಹುಳಿಯಾದ ದ್ರಾವಣದಲ್ಲಿ ಅಗರನ್ನು ಒತ್ತಡದಲ್ಲಿ ಕುದಿಸಿದರೆ ಅದರ ಸರಪಳಿಗಳು ತುಂಡಾಗಿ, ಆರಿದ ಮೇಲೂ ಗಂಜಿಯ ಹಾಗೆ ಉಳಿಯುತ್ತದೆ. ಪಿಎಚ್ 6.5ಕ್ಕೆ ಏರಿಸಿದ ಮೇಲೆ ಸರಿಯಾಗಿ ಹೆಪ್ಪುಗಟ್ಟಿತು. ಎರಡನೆಯ ಪರಿಣಾಮ ವಾಷರ್‌ಗೆ ಸಂಬಂಧಿಸಿದ್ದು.

ಮೊದಲ ಡಬ್ಬಿ, ಮೊದಲ ಸೋಲು

ಇಪ್ಪತ್ತನಾಲ್ಕು ಮಿ.ಮೀ. ಬೋಲ್ಟಿಗೆ ಹೊಂದುವ ವಾಷರ್ ತೆಗೆದುಕೊಂಡೆವು. ಒಳವ್ಯಾಸ 25 ಮಿ.ಮೀ., ಹೊರವ್ಯಾಸ 44 ಮಿ.ಮೀ., ದಪ್ಪ 4 ಮಿ.ಮೀ. ಇದರ ಹೊಟ್ಟೆಯಲ್ಲಿ ಸುಮಾರು 2 ಮಿ.ಲೀ. ಅಗರ್ ಹಿಡಿಯುತ್ತದೆ. ಅಂಗಡಿಯಲ್ಲಿ ಕೇಳಿದಾಗ ಕೊಟ್ಟದ್ದು ಸತುವಿನ ಲೇಪನವಿರುವ ಸಾಮಾನ್ಯ ಕಬ್ಬಿಣದ ವಾಷರ್. ಬೆಳ್ಳಗೆ ಹೊಳೆಯುತ್ತಿದ್ದುದರಿಂದ ಸ್ಟೇನ್‌ಲೆಸ್ ಸ್ಟೀಲ್ ಇರಬೇಕೆಂದುಕೊಂಡು ತಂದುಬಿಟ್ಟೆ. ಅಯಸ್ಕಾಂತ ಹಿಡಿದು ನೋಡಿದ್ದರೆ ಅಲ್ಲೇ ಸಂಶಯ ಬರುತ್ತಿತ್ತು.

ಮಣ್ಣಿಗೆ ಇಳಿಸುವ ಮೊದಲು ಡಬ್ಬಿಯ ಪ್ರತಿಯೊಂದು ಭಾಗವನ್ನೂ ಜೀವಿಗಳ ಮೇಲೆ ಪರೀಕ್ಷಿಸಬೇಕೆಂಬ ನಿಯಮವನ್ನು ಆರಂಭದಲ್ಲೇ ಹಾಕಿಕೊಂಡಿದ್ದೆವು, ಮತ್ತು ಇಡೀ ಕೆಲಸವನ್ನು ಉಳಿಸಿದ್ದು ಆ ನಿಯಮ. ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಯ ತುಂಬ ಹರಡಿ, ನಡುವೆ ತೊಳೆದು ಕ್ರಿಮಿಶುದ್ಧ ಮಾಡಿದ ವಾಷರ್ ಇಟ್ಟು ರಾತ್ರಿ ಬಿಟ್ಟೆವು. ಬೆಳಿಗ್ಗೆ ವಾಷರ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಅಚ್ಚುಕಟ್ಟಾದ ತೆರವು ವಲಯವಿತ್ತು. ಪ್ರತಿಜೀವಕದ ಹುಡುಕಾಟದಲ್ಲಿ ಇಂಥದೇ ವಲಯಕ್ಕಾಗಿ ನಾವು ತಿಂಗಳುಗಟ್ಟಲೆ ಕಾಯುತ್ತೇವೆ. ಇಲ್ಲಿ ಅದನ್ನು ಮೂಡಿಸಿದ್ದು ಲೇಪನದಿಂದ ಕರಗಿ ಬಂದ ಸತು. ಹುಳಿ ಮಣ್ಣಿನಲ್ಲಿ ಅದು ಇನ್ನೂ ಬೇಗ ಕರಗುತ್ತಿತ್ತು, ಮತ್ತು ಮೂರು ವಾರ ಹೂತಿಟ್ಟು ತೆಗೆದಾಗ ಏನೂ ಬೆಳೆಯದಿರುವುದನ್ನು ಕಂಡು ನಾವು ಮಣ್ಣನ್ನೇ ದೂರುತ್ತಿದ್ದೆವು. ಎಲ್ಲವನ್ನೂ ಹಿಂತಿರುಗಿಸಿ, 316 ದರ್ಜೆಯ ಸ್ಟೇನ್‌ಲೆಸ್ ವಾಷರ್‌ಗಳನ್ನು ಶಿವಮೊಗ್ಗದಿಂದ ತರಿಸಿದೆವು. ಅವುಗಳ ಸುತ್ತ ಬ್ಯಾಸಿಲಸ್ ಲೋಹಕ್ಕೆ ತಾಗಿಕೊಂಡೇ ಬೆಳೆಯಿತು.

ಅಂಟು

ಪೊರೆಯನ್ನು ವಾಷರ್‌ಗೆ ಕೂಡಿಸಲು ಸಿಲಿಕೋನ್ ಅಂಟು ಬೇಕು. ಅದು 121 ಡಿಗ್ರಿ ಸೆಲ್ಸಿಯಸ್ ಉಗಿಯನ್ನೂ ತಡೆಯುತ್ತದೆ, ತೇವದಲ್ಲಿ ಬಿಡುವುದೂ ಇಲ್ಲ. ಮೊದಲು ಬಳಸಿದ್ದು ಬಚ್ಚಲುಮನೆಯ ಸಂದುಗಳಿಗೆ ತುಂಬುವ ಸಿಲಿಕೋನ್. ಒಣಗಿದ ಅಂಟಿನ ಒಂದೊಂದು ಹನಿಯನ್ನು ಬ್ಯಾಸಿಲಸ್ ತಟ್ಟೆಯ ಮೇಲೂ, ಸಾಮಾನ್ಯ ಬೂಷ್ಟಿನ ತಟ್ಟೆಯ ಮೇಲೂ ಇಟ್ಟು ನೋಡಿದಾಗ ಬೂಷ್ಟಿನ ತಟ್ಟೆಯಲ್ಲಿ ದೊಡ್ಡ ತೆರವು ಕಾಣಿಸಿತು. ಕೊಳವೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ಕಾರಣ ತಿಳಿಯಿತು. ಬಚ್ಚಲುಮನೆಯಲ್ಲಿ ಕಪ್ಪು ಕಟ್ಟಬಾರದೆಂದು ಇಂಥ ಸಿಲಿಕೋನ್‌ಗೆ ಬೂಷ್ಟುನಾಶಕ ಸೇರಿಸಿರುತ್ತಾರೆ.

ಅನಂತರ ಮೀನಿನ ತೊಟ್ಟಿಗೆ ಬಳಸುವ ಸಿಲಿಕೋನ್ ತಂದೆವು. ಅದರಲ್ಲಿ ನಾಶಕವಿಲ್ಲ, ಆದರೆ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ವಿನೆಗರಿನ ಘಾಟು ಇಡೀ ಕೊಠಡಿಗೆ ಹರಡುತ್ತದೆ. ಒಂದು ದಿನ ಒಣಗಿಸಿದ ಹನಿಯ ಸುತ್ತ ಬ್ಯಾಸಿಲಸ್ ಬೆಳೆಯಲಿಲ್ಲ. ಏಳು ದಿನ ಒಣಗಿಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ದಿನ ನೆನೆಸಿದ ಹನಿಯ ಸುತ್ತ ಯಾವ ತೆರವೂ ಕಾಣಲಿಲ್ಲ. ಅಂದರೆ ಡಬ್ಬಿಯೊಂದಕ್ಕೆ ಒಂಬತ್ತು ದಿನಗಳ ತಾಳ್ಮೆ ಬೇಕು.

ಇಲ್ಲಿ ಇನ್ನೊಂದು ಸಮಸ್ಯೆ ಎದುರಾಯಿತು. ಕೆಳಗಿನ ಪೊರೆಯನ್ನು ಮೊದಲೇ ಅಂಟಿಸಿ ಒಣಗಿಸಬಹುದು, ಆದರೆ ಮೇಲಿನ ಪೊರೆಯನ್ನು ಮುಚ್ಚಬೇಕಾದದ್ದು ಜೀವಿಗಳಿರುವ ಅಗರನ್ನು ತುಂಬಿದ ಮೇಲೆ. ಆಗ ಹಸಿ ಅಂಟು ಬಳಸಿದರೆ ಆಮ್ಲ ನೇರವಾಗಿ ಒಳಗಿಳಿಯುತ್ತದೆ. ಇದಕ್ಕೆ ಕಂಡುಕೊಂಡ ದಾರಿ ಇಷ್ಟು: ಮೇಲಿನ ಪೊರೆಯನ್ನು ಇನ್ನೊಂದು ತೆಳ್ಳನೆಯ ವಾಷರ್‌ಗೆ ಅಂಟಿಸಿ ಒಣಗಿಸಿ ಅದನ್ನೇ ಮುಚ್ಚಳವಾಗಿ ಬಳಸುವುದು, ಎರಡರ ನಡುವೆ ರಸಾಯನಶಾಸ್ತ್ರ ವಿಭಾಗದಲ್ಲಿ ಗಾಜಿನ ಸಾಮಾನುಗಳಿಗೆ ಹಚ್ಚುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ, ಅಂಚಿನಲ್ಲಿ ಮೂರು ಸಣ್ಣ ಸ್ಕ್ರೂಗಳಿಂದ ಬಿಗಿಯುವುದು. ಸ್ಕ್ರೂ ತೂತುಗಳಿಗೆ ಊರಿನ ಲೇತ್ ವರ್ಕ್‌ಶಾಪಿಗೆ ಹೋದೆವು. ಸ್ಟೇನ್‌ಲೆಸ್ ಸ್ಟೀಲನ್ನು ವೇಗವಾಗಿ ಕೊರೆಯಲು ಹೋದರೆ ಅದು ಬಿಸಿಯಾಗಿ ಮತ್ತಷ್ಟು ಗಡುಸಾಗುತ್ತದೆಂದು ಅಲ್ಲಿನ ಮೇಸ್ತ್ರಿ ಎಚ್ಚರಿಸಿ, ನಿಧಾನದ ವೇಗದಲ್ಲಿ, ಎಣ್ಣೆ ಬಿಡುತ್ತ, ಎರಡೂ ವಾಷರ್‌ಗಳನ್ನು ಒಟ್ಟಿಗೆ ಹಿಡಿದು ಕೊರೆದುಕೊಟ್ಟರು. ಒಟ್ಟಿಗೆ ಕೊರೆದದ್ದರಿಂದ ತೂತುಗಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಆ ಎಣ್ಣೆಯನ್ನು ಸಾಬೂನು, ಆಮೇಲೆ ಅಸಿಟೋನ್, ಆಮೇಲೆ ಬಟ್ಟಿ ಇಳಿಸಿದ ನೀರು ಹಾಕಿ ತೊಳೆಯದೆ ಅಂಟು ಹಿಡಿಯುವುದಿಲ್ಲ.

ಪೊರೆ

ಪಾಲಿಕಾರ್ಬೊನೇಟ್ ಪೊರೆಯನ್ನೇ ಆರಿಸಿದೆವು; ಸೆಲ್ಯುಲೋಸ್ ಮೂಲದ ಪೊರೆಗಳು ಅಗ್ಗ, ಆದರೆ ಸೆಲ್ಯುಲೋಸನ್ನು ಅರಗಿಸುವ ಜೀವಿಗಳ ನಡುವೆ ಅದನ್ನು ಹೂಳುವ ಧೈರ್ಯ ನನಗಿರಲಿಲ್ಲ. 0.03 ಮೈಕ್ರೋಮೀಟರ್ ರಂಧ್ರದ ಪೊರೆ ದುಬಾರಿಯಾದ್ದರಿಂದ ಆರು ಡಬ್ಬಿಗಳಿಗೆ ಆಗುವಷ್ಟು ಮಾತ್ರ ಕೊಂಡು, ಉಳಿದ ಹನ್ನೆರಡಕ್ಕೆ 0.2 ಮೈಕ್ರೋಮೀಟರ್ ಪೊರೆ ಹಾಕಿದೆವು. ದ್ರವಗಳನ್ನು ಸೋಸಿ ಬ್ಯಾಕ್ಟೀರಿಯಾಮುಕ್ತ ಮಾಡಲು ಎಲ್ಲೆಡೆ ಬಳಸುವುದು ಇದೇ ಅಳತೆಯ ಪೊರೆಯಾದ್ದರಿಂದ ಇದು ಸಾಕೆಂದು ನಂಬಿದ್ದೆವು.

ಹೊಸಬರಿಗೆ ಒಂದು ಎಚ್ಚರಿಕೆ: ಈ ಪೊರೆಗಳ ಪೆಟ್ಟಿಗೆಯಲ್ಲಿ ಪ್ರತಿ ಎರಡು ಪೊರೆಗಳ ನಡುವೆ ಬಣ್ಣದ ಕಾಗದವೊಂದು ಇರುತ್ತದೆ. ಪೊರೆ ಅರೆಪಾರದರ್ಶಕವಾಗಿ, ತೀರ ತೆಳ್ಳಗಿದ್ದು ಕಣ್ಣು ತಪ್ಪಿಸುತ್ತದೆ. ಕಾಗದವೇ ಪೊರೆಯಂತೆ ತೋರುತ್ತದೆ. ನಮ್ಮಲ್ಲಿ ಎರಡು ವಾಷರ್‌ಗಳಿಗೆ ಕಾಗದವೇ ಅಂಟಿಕೊಂಡಿತು, ಮತ್ತು ಅದು ತಿಳಿದದ್ದು ನೆನೆಸಿದ ನೀರಿನಲ್ಲಿ ಅದು ಮೆತ್ತಗಾದಾಗ. ಪೊರೆಯನ್ನು ಬೆರಳಿನಿಂದ ಮುಟ್ಟದೆ ಚಪ್ಪಟೆ ಬಾಯಿಯ ಚಿಮಟದಲ್ಲಿ ಹಿಡಿದು, 32 ಮಿ.ಮೀ. ಅಗಲಕ್ಕೆ ಕತ್ತರಿಸಿ, ವಾಷರ್‌ನ ಒಳ ಅಂಚಿನ ಸುತ್ತ ಹಚ್ಚಿದ ಅಂಟಿನ ಮೇಲೆ ನಡುವಿನಿಂದ ಹೊರಕ್ಕೆ ಇಳಿಸುತ್ತ ಬಂದರೆ ಸುಕ್ಕು ಬೀಳುವುದಿಲ್ಲ.

ಹದಿನೆಂಟು ಡಬ್ಬಿಗಳನ್ನೂ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, 15 ಪೌಂಡ್ ಒತ್ತಡದಲ್ಲಿ 20 ನಿಮಿಷ ಉಗಿಯಲ್ಲಿಟ್ಟೆವು. ಹತ್ತನೆಯ ಒಂದು ಭಾಗದಷ್ಟು ತೆಳುವಾಗಿಸಿದ ಸ್ಟಾರ್ಚ್ ಕೇಸೀನ್ ಅಗರನ್ನು (ಪಿಷ್ಟ ಮತ್ತು ಹಾಲಿನ ಪ್ರೋಟೀನು ಬೆರೆಸಿದ ಅಗರ್) 45 ಡಿಗ್ರಿಗೆ ಆರಿಸಿ, ಅದರಲ್ಲಿ ಬಹಳ ದುರ್ಬಲಗೊಳಿಸಿದ ಮಣ್ಣಿನ ನೀರನ್ನು ಬೆರೆಸಿ ಹನ್ನೆರಡು ಡಬ್ಬಿಗಳಿಗೆ ತುಂಬಿದೆವು. ಉಳಿದ ಆರಕ್ಕೆ ಏನೂ ಬೆರೆಸದ ಶುದ್ಧ ಅಗರ್: ಎರಡು 0.03ರ ಪೊರೆಯವು, ನಾಲ್ಕು 0.2ರವು. ಡಬ್ಬಿ ಸೋರಿದರೆ ಹೇಳಬೇಕಾದವು ಈ ಆರು. ಡಿಸೆಂಬರ್ ಎರಡನೆಯ ವಾರ, ಮಣ್ಣು ತೆಗೆದ ಜಾಗದಲ್ಲೇ ಅವೆಲ್ಲವನ್ನೂ ಹೂತು ದರಗು ಮುಚ್ಚಿ ಬಂದೆವು.

ಇಪ್ಪತ್ತೊಂದು ದಿನಗಳ ನಂತರ

ಎರಡು ಡಬ್ಬಿಗಳನ್ನು ಕಾಡುಹಂದಿ ಅಗೆದು ಹಾಕಿತ್ತು. ಉಳಿದ ಹದಿನಾರನ್ನು ತಂದು, ಹೊರಮೈಯನ್ನು ಕ್ರಿಮಿಶುದ್ಧ ನೀರಿನಲ್ಲಿ ತೊಳೆದು, ಗಾಳಿ ಶೋಧಿಸುವ ಪೀಠದಲ್ಲಿ ಒಂದೊಂದಾಗಿ ತೆರೆದೆವು. ಮಣ್ಣು ಬೆರೆಸಿದ ಡಬ್ಬಿಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಪುಟ್ಟ ಕಾಲೊನಿಗಳಿದ್ದವು, ಅದು ನಿರೀಕ್ಷಿತ. 0.03 ಪೊರೆಯ ಎರಡು ಶುದ್ಧ ಡಬ್ಬಿಗಳೂ ಖಾಲಿಯಾಗಿದ್ದವು. 0.2 ಪೊರೆಯ ನಾಲ್ಕು ಶುದ್ಧ ಡಬ್ಬಿಗಳಲ್ಲಿ ಮೂರರಲ್ಲಿ ಬೆಳವಣಿಗೆಯಿತ್ತು.

ಅಂಟು ಬಿಟ್ಟಿದೆ, ಇಡೀ ಕೆಲಸ ವ್ಯರ್ಥವಾಯಿತು ಎಂದೇ ಎಲ್ಲರೂ ತಿಳಿದೆವು. ಆದರೆ ಅಂಟಿನ ಸಂದಿನಿಂದ ಮಣ್ಣಿನ ನೀರು ನುಗ್ಗಿದ್ದರೆ ಒಳಗೆ ಲೋಳೆಗಟ್ಟುವ ಕೋಲಾಕಾರದ ಬ್ಯಾಕ್ಟೀರಿಯಾಗಳೂ ಬೂಷ್ಟೂ ಕಲಸುಮೇಲೋಗರವಾಗಿ ತುಂಬಿರಬೇಕಿತ್ತು. ಇಲ್ಲಿ ಕಂಡದ್ದು ಬಿಳಿ ಮತ್ತು ಬೂದು ಬಣ್ಣದ, ಗಟ್ಟಿಯಾಗಿ ಅಗರಿಗೆ ಕಚ್ಚಿಕೊಂಡ, ಹಿಟ್ಟು ಉದುರಿಸಿದಂತಿದ್ದ ಚುಕ್ಕೆಗಳು ಮಾತ್ರ, ಮತ್ತು ಅವು ಅಂಚಿನಲ್ಲಿರದೆ ಪೊರೆಯ ನಡುಭಾಗದಲ್ಲಿದ್ದವು. ಮುಚ್ಚಳ ತೆಗೆದಾಗ ಬಂದದ್ದು ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆಯ ಅಣುವನ್ನು ಆ್ಯಕ್ಟಿನೋಮೈಸೀಟ್‌ಗಳಿಂದ ಬೇರ್ಪಡಿಸಿ 1965ರಲ್ಲಿ ಜಿಯೋಸ್ಮಿನ್ ಎಂದು ಹೆಸರಿಟ್ಟಿದ್ದಾರೆ. ಎಣ್ಣೆ ಹಾಕಿ ನೂರುಪಟ್ಟು ಮಸೂರದಲ್ಲಿ ನೋಡಿದರೆ ಕವಲೊಡೆದ ಸಣ್ಣ ಎಳೆಗಳು, ತುದಿಯಲ್ಲಿ ಸುರುಳಿ ಸುತ್ತಿದ ಬೀಜಕಗಳ ಸರ.

ಊಹೆಯನ್ನು ನಂಬುವ ಮೊದಲು ಸೋರಿಕೆಯ ಪರೀಕ್ಷೆ ಮಾಡಲೇಬೇಕಿತ್ತು. ಅದೇ ಡಬ್ಬಿಗಳನ್ನು ತೊಳೆದು, ಮತ್ತೆ ಉಗಿಯಲ್ಲಿಟ್ಟು, ಶುದ್ಧ ಅಗರ್ ತುಂಬಿ, ಅಪಾಯವಿಲ್ಲದ ಪ್ರಯೋಗಾಲಯ ತಳಿಯ ಇ. ಕೋಲೈ ದಟ್ಟವಾಗಿ ಬೆಳೆದ ಸಾರಿನಲ್ಲಿ ಮೂರು ದಿನ ಮುಳುಗಿಸಿಟ್ಟೆವು. ಒಳಗಿನ ಅಗರನ್ನು ತೆಗೆದು ಪೋಷಕ ತಟ್ಟೆಗೆ ಸವರಿದಾಗ ಒಂದು ಕಾಲೊನಿಯೂ ಬರಲಿಲ್ಲ. ಅಂಟು ಗಟ್ಟಿಯಾಗಿಯೇ ಇತ್ತು. ಈಜಬಲ್ಲ ಬ್ಯಾಕ್ಟೀರಿಯಾ ದಾಟಲಾರದ ರಂಧ್ರವನ್ನು ಎಳೆಯಾಗಿ ಬೆಳೆಯುವ ಜೀವಿ ತನ್ನ ತುದಿಯನ್ನು ತೂರಿಸಿ, ಒಳಗೆ ಹೋಗಿ, ಅಲ್ಲಿ ಕವಲೊಡೆದಿತ್ತು. ಬೂಷ್ಟಿನ ಎಳೆ ಇದಕ್ಕಿಂತ ಹಲವು ಪಟ್ಟು ದಪ್ಪವಾದ್ದರಿಂದ ಹೊರಗೇ ಉಳಿದಿತ್ತು. ಅನಂತರ ಹುಡುಕಿದಾಗ ತಿಳಿದದ್ದು, ಇದೇ ನಾರ್ತ್‌ಈಸ್ಟರ್ನ್ ಗುಂಪಿನವರು 2008ರಲ್ಲೇ ಇದನ್ನೊಂದು ವಿಧಾನವಾಗಿ ರೂಪಿಸಿ ಬಲೆ ಎಂದು ಕರೆದಿದ್ದರು. ಮಣ್ಣಿನ ಕಡೆಗೆ 0.2ರಿಂದ 0.6 ಮೈಕ್ರೋಮೀಟರ್‌ವರೆಗಿನ ಪೊರೆ, ಮೇಲ್ಗಡೆ 0.03ರ ಪೊರೆ, ನಡುವೆ ಶುದ್ಧ ಅಗರ್.

ಇದನ್ನು ಮೊದಲೇ ಓದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು, ನಿಜ. ಆದರೂ ಸೋರಿದ ಡಬ್ಬಿಯೆಂದು ಎಸೆಯಲು ಹೊರಟಿದ್ದ ವಿದ್ಯಾರ್ಥಿಗಳು ಬೀಜಕಗಳ ಸುರುಳಿಯನ್ನು ಕಂಡು ಸುಮ್ಮನಾಗಿ ನಿಂತ ಆ ಸಂಜೆ ನನಗೆ ಬಹಳ ದೊಡ್ಡದು.

ಎರಡನೆಯ ನಿರ್ಮಾಣ

ಹನ್ನೆರಡು ಡಬ್ಬಿಗಳನ್ನು ಬಲೆಯಾಗಿ ಬದಲಿಸಿದೆವು. ಮುಚ್ಚಳಗಳ ಪೊರೆಯನ್ನು ಬ್ಲೇಡಿನಿಂದ ಕೆರೆದು ತೆಗೆದು, 0.03ರ ಪೊರೆ ಅಂಟಿಸಿ, ಮತ್ತೆ ಒಂಬತ್ತು ದಿನ ಕಾದೆವು. ಬೇಸಿಗೆಯ ಬಿಸಿಲಿಗೆ ನೆಲ ಒಣಗಿ ಅಗರ್ ಕುಗ್ಗಿ ಅಂಚು ಬಿಡುತ್ತಿದ್ದುದರಿಂದ ಈ ಬಾರಿ ಹೊರಗೆ ಹೂಳಲಿಲ್ಲ. ಅದೇ ಜಾಗದ ಮಣ್ಣನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ತುಂಬಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಒಡೆಯುವಷ್ಟು ತೇವವಿಟ್ಟು, 0.2ರ ಪೊರೆ ಕೆಳಮುಖವಾಗಿ ಮಣ್ಣಿಗೆ ತಾಗುವಂತೆ ಡಬ್ಬಿಗಳನ್ನು ಒತ್ತಿ ಕೂರಿಸಿದೆವು. ನೀರನ್ನು ಸುರಿಯದೆ ಸಿಂಪಡಿಸಬೇಕು. ಪೊರೆಯ ಕೆಳಗೆ ನೀರು ನಿಂತರೆ ಗಾಳಿಯಿಲ್ಲದೆ ಎಳೆಗಳು ಮುಂದುವರಿಯುವುದಿಲ್ಲ.

ಮೂರು ವಾರಕ್ಕೆ ತೆರೆದು, ಕಾಲೊನಿಗಳನ್ನು ಸೂಜಿಯಿಂದ ಎತ್ತಿ ಪೂರ್ಣ ಸಾಂದ್ರತೆಯ ಸ್ಟಾರ್ಚ್ ಕೇಸೀನ್ ಅಗರಿಗೆ ವರ್ಗಾಯಿಸಿದೆವು. ಕೆಲವು ಅಲ್ಲಿ ಬೆಳೆಯಲು ಒಪ್ಪಲೇ ಇಲ್ಲ. ಶುದ್ಧವಾಗಿ ಉಳಿದದ್ದು ಮೂವತ್ತೊಂದು ತಳಿಗಳು. ಪ್ರತಿಯೊಂದನ್ನೂ ಹತ್ತು ದಿನ ಬೆಳೆಸಿ, ಅಗರಿನ ಬಿಲ್ಲೆ ಕತ್ತರಿಸಿ, ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಇ. ಕೋಲೈ ಹರಡಿದ ತಟ್ಟೆಗಳ ಮೇಲಿಟ್ಟೆವು. ರೋಗಕಾರಕ ತಳಿಗಳನ್ನು ನಮ್ಮಂಥ ತೆರೆದ ಪ್ರಯೋಗಾಲಯಕ್ಕೆ ತರುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ, ಆದ್ದರಿಂದ ಪರೀಕ್ಷೆಗೆ ಈ ಎರಡೇ. ಹತ್ತು ತಳಿಗಳು ಬ್ಯಾಸಿಲಸ್ ವಿರುದ್ಧ ತೆರವು ತೋರಿಸಿದವು. ಅವುಗಳಲ್ಲಿ ಎರಡು ಇ. ಕೋಲೈ ವಿರುದ್ಧವೂ. ಬಿಲ್ಲೆಗಳ ಪಕ್ಕದಲ್ಲಿ ಏನೂ ಬೆಳೆಯದ ಶುದ್ಧ ಅಗರಿನ ಬಿಲ್ಲೆಯನ್ನೂ ಇಟ್ಟಿದ್ದೆವು. ಸತುವಿನ ವಾಷರ್ ಕಲಿಸಿದ ಅಭ್ಯಾಸವದು.

ಹಳೆಯ ಪರಿಚಯವೋ, ಹೊಸದೋ

ತೆರವು ವಲಯ ಸಿಕ್ಕ ಕೂಡಲೇ ಹೊಸ ಔಷಧವೆಂದು ಕುಣಿಯುವಂತಿಲ್ಲ. ಸೆಲ್ಮನ್ ವಾಕ್ಸ್‌ಮನ್ ಅವರ ರಟ್ಗರ್ಸ್ ಪ್ರಯೋಗಾಲಯದಲ್ಲಿ 1940ರಲ್ಲಿ ಆ್ಯಕ್ಟಿನೋಮೈಸಿನ್, 1942ರಲ್ಲಿ ಸ್ಟ್ರೆಪ್ಟೊಥ್ರಿಸಿನ್, 1943ರಲ್ಲಿ ಆಲ್ಬರ್ಟ್ ಶಾಟ್ಜ್ ಅವರ ಕೈಯಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ಜಗತ್ತಿನ ಮಣ್ಣನ್ನೆಲ್ಲ ಜಾಲಾಡಿದ್ದಾರೆ. ನಮ್ಮ ದೇಶದಲ್ಲೂ ಪುಣೆ ಬಳಿಯ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಅವರ ತಂಡ ಶಿಲೀಂಧ್ರನಾಶಕವಾದ ಹ್ಯಾಮೈಸಿನ್ ಅನ್ನು ಕಂಡುಹಿಡಿಯಿತು, ಮತ್ತು ಅದನ್ನು ಕೊಟ್ಟ ಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಆ ಊರಿನ ಹೆಸರೇ ಬಂತು. ಈಗ ಮಣ್ಣಿನಿಂದ ಎತ್ತಿದ ತಳಿಯೊಂದು ಹಳೆಯ ಸಂಯುಕ್ತವನ್ನೇ ಮತ್ತೆ ತಯಾರಿಸುತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬೇಗ ಗುರುತಿಸಿ ಬದಿಗಿಡುವುದೂ ಸಂಶೋಧನೆಯ ಭಾಗವೇ.

ಅತಿ ದೊಡ್ಡ ವಲಯ ಕೊಟ್ಟ ಹದಿನೇಳನೆಯ ತಳಿ ಅಗರಿಗೆ ಕಿತ್ತಳೆ ಮಿಶ್ರಿತ ಹಳದಿ ಬಣ್ಣ ಬಿಡುತ್ತಿತ್ತು. ಅದನ್ನು ಸಾರಿನಲ್ಲಿ ಏಳು ದಿನ ಅಲುಗಾಡಿಸಿ ಬೆಳೆಸಿ, ಸೋಸಿ, ಈಥೈಲ್ ಅಸಿಟೇಟ್ ಜೊತೆ ಬೇರ್ಪಡಿಸುವ ಆಲಿಕೆಯಲ್ಲಿ ಕುಲುಕಿದಾಗ ಬಣ್ಣವೂ ಚಟುವಟಿಕೆಯೂ ಒಟ್ಟಿಗೆ ಮೇಲಿನ ಪದರಕ್ಕೆ ಬಂದವು. ಬೆಳಕಿನ ಹೀರಿಕೆಯ ಶಿಖರ 442 ನ್ಯಾನೋಮೀಟರ್‌ನಲ್ಲಿತ್ತು. ಇದು ಆ್ಯಕ್ಟಿನೋಮೈಸಿನ್ ಇರಬಹುದೆಂದು ಅಷ್ಟರಲ್ಲೇ ನನಗೆ ಅನುಮಾನ ಬಂದು ಎಲ್ಲರಿಗೂ ಕೈಗವಸು ತೊಡಿಸಿದೆ. ಆ್ಯಕ್ಟಿನೋಮೈಸಿನ್ ಡಿಎನ್ಎಗೆ ಅಂಟಿಕೊಳ್ಳುವ ವಿಷಕಾರಿ ಸಂಯುಕ್ತ, ಮಕ್ಕಳ ಮೂತ್ರಪಿಂಡದ ಗೆಡ್ಡೆಯ ಚಿಕಿತ್ಸೆಯಲ್ಲಿ ಬಳಸುವಂಥದ್ದು. ಪರಿಚಿತರ ಪ್ರಯೋಗಾಲಯದಿಂದ ಆ್ಯಕ್ಟಿನೋಮೈಸಿನ್ ಡಿ ಮಾದರಿ ತರಿಸಿ, ಸಂಯುಕ್ತಗಳನ್ನು ಬೇರ್ಪಡಿಸುವ ಸಿಲಿಕಾ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಓಡಿಸಿದಾಗ ಎರಡೂ ಹಳದಿ ಚುಕ್ಕೆಗಳು ಒಂದೇ ಎತ್ತರಕ್ಕೆ ನಿಂತವು. ಹಾಳೆಯ ಮೇಲೆ ಬ್ಯಾಸಿಲಸ್ ಬೆರೆಸಿದ ಮೆತ್ತನೆಯ ಅಗರ್ ಎರೆದಾಗ ತೆರವು ಬಂದದ್ದೂ ಆ ಚುಕ್ಕೆಯ ಮೇಲೆಯೇ. ಹದಿನೇಳನ್ನು ಆ್ಯಕ್ಟಿನೋಮೈಸಿನ್ ಬಳಗವೆಂದು ಪುಸ್ತಕದಲ್ಲಿ ಬರೆದು ಗ್ಲಿಸರಾಲಿನಲ್ಲಿ ಕಾಪಿಟ್ಟೆವು.

ಇ. ಕೋಲೈಯನ್ನೂ ತಡೆದ ಎರಡು ತಳಿಗಳಲ್ಲಿ ಒಂಬತ್ತನೆಯದರ ಚಟುವಟಿಕೆ ಈಥೈಲ್ ಅಸಿಟೇಟ್‌ಗೆ ಬಾರದೆ ನೀರಿನಲ್ಲೇ ಉಳಿದಿದೆ. ಸ್ಟ್ರೆಪ್ಟೊಥ್ರಿಸಿನ್, ಸ್ಟ್ರೆಪ್ಟೊಮೈಸಿನ್‌ಗಳ ನಡವಳಿಕೆಯೂ ಹಾಗೆಯೇ, ಮತ್ತು ಮಣ್ಣಿನಲ್ಲಿ ಅವು ಬಹಳ ಸಾಮಾನ್ಯ. ಅದನ್ನು ಅಯಾನು ವಿನಿಮಯ ರಾಳದ ಕೊಳವೆಯಲ್ಲಿ ಹಿಡಿದು ಬಿಡಿಸಲು ಸಿದ್ಧತೆ ನಡೆದಿದೆ. ಇಪ್ಪತ್ತಾರನೆಯದು ನಿಧಾನವಾಗಿ ಬೆಳೆಯುತ್ತದೆ, ಬಣ್ಣವಿಲ್ಲ, ಎರಡೂ ದ್ರಾವಕಗಳಲ್ಲಿ ಸ್ವಲ್ಪ ಸ್ವಲ್ಪ ಚಟುವಟಿಕೆ ತೋರಿಸುತ್ತದೆ. ಅದಕ್ಕೆ ಹೆಚ್ಚು ಸಾರು ಬೇಕು, ಎರಡು ಲೀಟರ್ ಬೆಳೆಸಲು ಅಲುಗಾಡಿಸುವ ಯಂತ್ರದ ಬೆಲ್ಟ್ ಬದಲಾಗಬೇಕು. ಬೆಲ್ಟ್ ಬಂದಿದೆ, ನಾಳೆ ಹಾಕುತ್ತೇವೆ. ಟಬ್ಬಿನಲ್ಲಿ ಮುಂದಿನ ಹನ್ನೆರಡು ಬಲೆಗಳು ಕುಳಿತು ಇಂದಿಗೆ ಆರು ದಿನ.